ಅತ್ತೆಯ ಜೊತೆ ನೋಡಿದ ನಾಟಕಗಳು

ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಪತ್ರಿಕೆಯೊಂದು ಜಿಲ್ಲೆಗೆಂದೇ ಒಂದು ಪುಟ ತೆರೆಯಿತು. ಜಮಖಂಡಿ ಭಾಗದ ಸುದ್ದಿ ಬರೆಯುತ್ತಿದ್ದ ವರದಿಗಾರರು ನಾನು ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಗಿರಾಕಿ. ಕಬ್ಬಿನ ದರ, ಕೋರ್ಟಿನ ತೀರ್ಪು, ಹೊಳೆಯ ಹಿನ್ನೀರು, ಬಸ್ಸು ಲಾರಿಗಳ ಡಿಕ್ಕಿ, ಎಲ್ಲವನ್ನೂ ಅವರೊಬ್ಬರೇ ಬರೆಯಬೇಕಿತ್ತು. ಬರೆಯುತ್ತಲೂ ಇದ್ದರು. ಆದರೆ ನಾಟಕ, ನೃತ್ಯ, ಚಿತ್ರಪ್ರದರ್ಶನ ಎಂದರೆ ಅವರಿಗೆ ಸಂಕಟ. ಒಂದು ಮಧ್ಯಾಹ್ನ ಕೌಂಟರಿನ ಆಚೆ ನಿಂತು ಕೈಮುಗಿದರು.

“ಮೇಡಂ, ಪರದೆ ಏಳೂದಕ್ಕೂ ನನಗ ನಿದ್ದಿ ಬರೂದಕ್ಕೂ ಸರಿ ಹೋಗತೈತ್ರಿ. ನೀವು ಕತಿ ಗಿತಿ ಓದಾವ್ರು. ಹೋಗಿ ನೋಡಿ ನಾಕು ಸಾಲು ಬರದು ಕೊಡ್ರಿ.”

ನಾಲ್ಕು ಸಾಲು ತಾನೇ ಎಂದು ಒಪ್ಪಿಕೊಂಡೆ. ಕಾಲೇಜಿನಲ್ಲಿದ್ದಾಗ ಒಂದು ನಾಟಕದಲ್ಲಿ ದಾಸಿಯ ಪಾತ್ರ ಮಾಡಿ, ರಾಣಿಗೆ ಗಾಳಿ ಬೀಸುತ್ತ ನಿಂತದ್ದು ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ. ನೋಡುವ ಆಸೆ ಮಾತ್ರ ಬಹಳವಿತ್ತು.

ಮೊದಲು ನೋಡಬೇಕಾಗಿದ್ದ ನಾಟಕ ರಬಕವಿಯಲ್ಲಿ, ಸಂಜೆಯ ಹೊತ್ತು. ನನ್ನ ಗಂಡ ಕೋರ್ಟಿನಲ್ಲಿ ಗುಮಾಸ್ತರು. ದಿನವಿಡೀ ವಕೀಲರ ನಾಟಕ ನೋಡುವವನಿಗೆ ಸಂಜೆಯೂ ಮತ್ತೊಂದು ಬೇಡ ಎಂದು ಹೇಳಿ, ಕ್ರಿಕೆಟ್ಟಿನ ಮುಂದೆ ಕುಳಿತರು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ನಡುಮನೆಯಿಂದ ಹೊರಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಕಚ್ಚೆ ಹಾಕಿ ಉಟ್ಟ ಸೀರೆ, ಕೈಯಲ್ಲಿ ಬಟ್ಟೆಯ ಚೀಲ.

“ಸಂಜಿ ಹೊತ್ತಿನ್ಯಾಗ ಸೊಸಿ ಒಬ್ಬಾಕಿನಽ ಹೋಗೂದು ಛಲೋ ಅಲ್ಲ. ನಡಿ, ನಾ ಬರ್ತೀನಿ,” ಅಂದರು.

ಕಾವಲಿಗೆ ಬರುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಕಿರಿಕಿರಿಯಾಯಿತು. ಬಸ್ಸಿನಲ್ಲಿ ಅವರು ಮಾತಾಡಿದಾಗ ಕಾರಣ ಬೇರೆಯೇ ಇದೆಯೆಂದು ತಿಳಿಯಿತು. ಅತ್ತೆ ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲೇ. ಅವರು ಚಿಕ್ಕವರಿದ್ದಾಗ ಮರಾಠಿ ಸಂಗೀತ ನಾಟಕದವರೂ ಬರುತ್ತಿದ್ದರಂತೆ, ಕನ್ನಡ ಕಂಪನಿಯವರೂ ಬರುತ್ತಿದ್ದರಂತೆ. ಮನೆಯ ಗಂಡಸರೆಲ್ಲ ಹೋಗಿ ನೋಡಿ ಬಂದು, ಮರುದಿನ ಊಟಕ್ಕೆ ಕುಳಿತಾಗ ಪದ ಗುನುಗುತ್ತಿದ್ದರಂತೆ. ಬಡಿಸುತ್ತ ಬಡಿಸುತ್ತ ಇವರು ಆ ಪದ ಕಲಿತದ್ದು. ಆಮೇಲೆ ಮದುವೆ, ಮಕ್ಕಳು. ಮಕ್ಕಳು ಇನ್ನೂ ಸಾಲೆಗೆ ಹೋಗುತ್ತಿದ್ದಾಗಲೇ ಮಾವನವರು ತೀರಿಕೊಂಡರು. ವಿಧವೆ ನಾಟಕಕ್ಕೆ ಹೋಗುವ ಮಾತೇ ಇರಲಿಲ್ಲ.

“ಪದಾ ಎಲ್ಲಾ ಬರ್ತಾವ. ಆದ್ರ ಅವನ್ನ ಹಾಡೂ ಮಾರಿ ಮಾತ್ರ ನೋಡಿಲ್ಲ,” ಎಂದು ಹೇಳಿ ಕಿಟಕಿಯ ಹೊರಗೆ ನೋಡಿದರು. ನನ್ನ ಕಿರಿಕಿರಿ ಅಲ್ಲೇ ಇಳಿಯಿತು.

ರಬಕವಿಯದು ನೇಕಾರರ ಹವ್ಯಾಸಿ ತಂಡ. ಮಗ್ಗಕ್ಕೆ ರಜೆಯ ದಿನ ನೋಡಿ ನಾಟಕ ಇಟ್ಟಿದ್ದರು. ಅತ್ತೆ ಕುರ್ಚಿಯ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಕ್ಷಣದಲ್ಲಾದರೂ ಎದ್ದುಹೋಗಬೇಕಾದೀತು ಎಂಬಂತೆ ಕುಳಿತರು. ಎರಡನೆಯ ಅಂಕದಲ್ಲಿ ಕುಡುಕ ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದಾಗ ನನ್ನ ಪಕ್ಕದಿಂದ ಒಂದು ಕೂಗು ಹೊರಟಿತು. “ಏ ಮಂಗ್ಯಾ! ಕೈ ಮುರದು ಹೋಗ್ಲಿ ನಿಂದು!” ಮುಂದಿನ ಸಾಲುಗಳೆಲ್ಲ ಹಿಂದಕ್ಕೆ ತಿರುಗಿದವು. ವೇದಿಕೆಯ ಗಂಡ ತನ್ನ ಮಾತು ಮರೆತು ನಿಂತ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ನಾಟಕ ಮುಗಿದ ಮೇಲೆ ಆ ನಟನೇ ಬಣ್ಣದ ಮುಖದಲ್ಲಿ ಬಂದು ಅತ್ತೆಯ ಕಾಲು ಮುಟ್ಟಿ, ಇಷ್ಟು ವರ್ಷದಲ್ಲಿ ತನಗೆ ಸಿಕ್ಕ ದೊಡ್ಡ ಬಹುಮಾನ ಇದೇ ಎಂದ.

ಅಂದು ಬಂದು ನಾನು ಬರೆದದ್ದು ಎಲ್ಲರೂ ಬರೆಯುವಂಥದ್ದೇ. ನಾಟಕ ಪ್ರೇಕ್ಷಕರ ಮನಸೂರೆಗೊಂಡಿತು, ಸಂಗೀತ ಪೂರಕವಾಗಿತ್ತು, ಬೆಳಕು ಹಿತಮಿತವಾಗಿತ್ತು. ಅಚ್ಚಾದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಓದಿದರು.

“ಯಾರ ಮನಸ್ಸು ಸೂರಿ ಆತು? ಮೊದಲನೇ ಅಂಕದಾಗ ನೀ ಆಕಳಸ್ತಿದ್ದಿ, ನಾ ನೋಡೀನಿ.”

“ಹಂಗ ಬರದ್ರ ಅವರಿಗೆ ಬ್ಯಾಸರ ಆಗ್ತದಲ್ಲ, ಅತ್ಯಾ.”

“ನಿನಗ ಬ್ಯಾಸರ ಆದದ್ದು ಅವರಿಗೆ ಗೊತ್ತಾಗಬ್ಯಾಡೇನು?”

ಅವರು ಅಷ್ಟು ಹೇಳಿ ಅಕ್ಕಿ ಆರಿಸಲು ಹೋದರು. ಮುಂದಿನ ಸಲ ಬರೆಯುವಾಗ ನನ್ನ ಕೈ ಸ್ವಲ್ಪ ನಿಧಾನವಾಯಿತು. ಎಲ್ಲಿ ನನಗೆ ಹಿಡಿಸಿತು, ಎಲ್ಲಿ ಹಿಡಿಸಲಿಲ್ಲ, ಯಾಕೆ, ಎಂದು ನನ್ನನ್ನೇ ಕೇಳಿಕೊಂಡು ಬರೆಯತೊಡಗಿದೆ. ನಾಲ್ಕು ಸಾಲು ಅರ್ಧ ಕಾಲಮ್ಮಿಗೆ ಬೆಳೆಯಿತು. ಪತ್ರಿಕೆಯವರು ಬೇಡ ಅನ್ನಲಿಲ್ಲ.

ಹೀಗೆ ಅತ್ತೆ, ಸೊಸೆ ಇಬ್ಬರೂ ಸುತ್ತತೊಡಗಿದೆವು. ಬನಹಟ್ಟಿ, ತೇರದಾಳ, ಮುಧೋಳ, ಎಲ್ಲಿ ಏನಿದ್ದರೂ ಅತ್ತೆಯ ಚೀಲ ಮೊದಲೇ ತಯಾರಾಗಿ ಬಾಗಿಲ ಹತ್ತಿರ ಇರುತ್ತಿತ್ತು. ಒಳಗೆ ನೀರಿನ ಬಾಟಲಿ, ಎರಡು ಚಪಾತಿ, ಸುಪಾರಿಯ ಡಬ್ಬಿ. ರಾಜ್ಯೋತ್ಸವದ ಹೊತ್ತಿಗೆ ಸಮೀರವಾಡಿಗೆ ಹೋಗಿದ್ದೆವು. ಅಲ್ಲಿನ ಸಕ್ಕರೆ ಕಾರ್ಖಾನೆಯ ಅಧಿಕಾರಿಯೊಬ್ಬರ ಹೆಂಡತಿ ಕಾಲನಿಯ ಹುಡುಗಿಯರಿಗೆ ಭರತನಾಟ್ಯ ಕಲಿಸಿದ್ದರು. ಆಗಷ್ಟೇ ಕಬ್ಬು ನುರಿಸುವುದು ಶುರುವಾಗಿ, ಗಾಳಿಗೆಲ್ಲ ಕಾಕಂಬಿಯ ವಾಸನೆ. ನಡುವೆ ಒಬ್ಬ ಪುಟ್ಟ ಹುಡುಗಿ ಹೆಜ್ಜೆ ಮರೆತಳು. ಅಳಲಿಲ್ಲ, ಓಡಿಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಉಳಿದವರು ಕುಣಿಯುವುದನ್ನು ತಾನೂ ನೋಡುತ್ತ ನಿಂತು, ತನಗೆ ಗೊತ್ತಿದ್ದ ಜಾಗ ಬಂದಾಗ ಸರಿಯಾಗಿ ಒಳಗೆ ಸೇರಿಕೊಂಡಳು. ಅತ್ತೆ ನನ್ನ ಮೊಣಕೈ ತಿವಿದು, “ಆ ಹುಡುಗೀದು ಬರಿ,” ಅಂದರು. ನಾನು ಆಗಲೇ ಮನಸ್ಸಿನಲ್ಲಿ ಬರೆದಾಗಿತ್ತು.

ಎಲ್ಲದರಲ್ಲೂ ನಮ್ಮ ಮತ ಕೂಡುತ್ತಿರಲಿಲ್ಲ. ಜಮಖಂಡಿಯ ಸಾಲೆಯೊಂದರ ಕೋಣೆಯಲ್ಲಿ ಚಿತ್ರಕಲಾ ಮಾಸ್ತರರೊಬ್ಬರು ತಮ್ಮ ಚಿತ್ರಗಳನ್ನು ತೂಗುಹಾಕಿದ್ದರು. ಅದರಲ್ಲೊಂದು ಇಡೀ ಬೂದು, ಕಂದು ಬಣ್ಣದ್ದು. ಮಹಾಪೂರದ ಹೊಳೆ ನೋಡಿದವರಿಗೆ ಮೈ ಜುಮ್ಮೆನ್ನುವಂತಿತ್ತು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತು ಮಾಸ್ತರರನ್ನೇ ಕೇಳಿಬಿಟ್ಟರು.

“ಇದು ಎಂದ ಮುಗೀತದ್ರಿ?”

“ಮುಗದೈತ್ರಿ ಅವ್ವಾರ,” ಅಂದರು ಅವರು, ನಗು ತಡೆಯುತ್ತ.

ದಾರಿಯುದ್ದಕ್ಕೂ ನಾನು ಆ ಚಿತ್ರವನ್ನು ವಿವರಿಸಿದೆ. ನೀರು, ಮಣ್ಣು, ಎರಡೂ ಬೇರೆಯಾಗಿ ಕಾಣದ ಆ ಬಣ್ಣ. ಅತ್ತೆ ಕೇಳಿ, ತಲೆಯಾಡಿಸಿ, “ಇರ್ಲಿ, ನನಗ ತಿಳೀವಲ್ದು,” ಎಂದರು. ಇಂದಿಗೂ ಅದು ನಾನು ನೋಡಿದ ಒಳ್ಳೆಯ ಚಿತ್ರಗಳಲ್ಲೊಂದು. ಅತ್ತೆಗೆ ಕೊನೆಯವರೆಗೂ ಅದು ಅರ್ಧಕ್ಕೆ ಬಿಟ್ಟ ಕೆಲಸವೇ.

ಆಮೇಲೆ ಬೀಳಗಿಯ ಕಡೆಯಿಂದ ಕರೆ ಬಂತು. ಹೊಳೆ ದಂಡೆಯ ಒಂದು ಹಳ್ಳಿ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಜನರೆಲ್ಲ ಎತ್ತರದ ಬಯಲಿನ ಪುನರ್ವಸತಿ ಕೇಂದ್ರಕ್ಕೆ ಬಂದು ಮನೆ ಕಟ್ಟಿಕೊಂಡಿದ್ದರು. ಅಲ್ಲಿನ ಸಾಲೆಯ ಶಿಕ್ಷಕಿಯೊಬ್ಬಳು ಊರಿನ ಹೆಂಗಸರನ್ನು ಸೇರಿಸಿ, ಅವರು ಊರು ಬಿಟ್ಟು ಬಂದ ಕತೆಯನ್ನೇ ನಾಟಕ ಮಾಡಿದ್ದಳು. ಗಂಡು ಪಾತ್ರಗಳೂ ಹೆಂಗಸರದ್ದೇ. ವರದಿಗಾರರು ಫೋನು ಮಾಡಿ, “ಮುಳುಗಡೆ ಮಂದಿ ಮಾಡ್ಯಾರ್ರಿ ಮೇಡಂ, ಛಲೋ ನಾಕು ಮಾತು ಬರೀರಿ,” ಎಂದು ಮೊದಲೇ ಹೇಳಿಟ್ಟರು.

ಬಸ್ಸಿನಲ್ಲಿ ಬೀಳಗಿಗೆ ಹೋಗಿ, ಅಲ್ಲಿಂದ ಟಂಟಂ ಆಟೋದಲ್ಲಿ ಆ ಹೊಸ ಊರಿಗೆ ತಲುಪಿದೆವು. ನೇರ ರಸ್ತೆಗಳು, ಇನ್ನೂ ಮೊಣಕಾಲೆತ್ತರದ ಬೇವಿನ ಸಸಿಗಳು. ಹೊಸ ಸಿಮೆಂಟಿನ ಗೋಡೆಗಳ ನಡುವೆ ಹಳೆಯ ಊರಿನಿಂದ ಕಿತ್ತು ತಂದ ಕೆತ್ತನೆಯ ಬಾಗಿಲುಗಳು. ಎರಡು ಟ್ರ್ಯಾಕ್ಟರ್ ಟ್ರಾಲಿಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಮಧ್ಯಾಹ್ನದ ಬಿಸಿಲಿಗೆ ಮೇಲೆ ತಾಡಪತ್ರಿ.

ನಾಟಕ ಉದ್ದವಾಗಿತ್ತು. ಪಾತ್ರಗಳು ಒಬ್ಬೊಬ್ಬರಾಗಿ ಮುಂದೆ ಬಂದು ಅಳುತ್ತಿದ್ದವು. ಕೊನೆಗೆ ಸಾಲೆಯ ಶಿಕ್ಷಕಿಯೇ ಬಂದು ಭೂಮಿತಾಯಿ, ಸರಕಾರ, ಅಭಿವೃದ್ಧಿ ಎಂದು ಬಹಳ ಹೊತ್ತು ಮಾತಾಡಿದಳು. ನಡುವೆ ಒಂದು ದೃಶ್ಯ ಮಾತ್ರ ಬೇರೆಯಾಗಿತ್ತು. ಸಾಮಾನು ಹೇರುವ ಹೊತ್ತು. ಒಬ್ಬ ಹೆಂಗಸು ಬೀಸುಕಲ್ಲನ್ನೂ ಟ್ರ್ಯಾಕ್ಟರಿಗೆ ಏರಿಸು ಅನ್ನುತ್ತಾಳೆ. ಡ್ರೈವರ್ ಒಪ್ಪುವುದಿಲ್ಲ.

“ಏ ಯವ್ವಾ, ಹೊಸಾ ಊರಾಗ ಗಿರಣಿ ಐತಿ. ಈ ಕಲ್ಲು ಯಾಕ ಬೇಕು?”

“ಗಿರಣಿ ನನ್ನ ಕೂಡ ಮಾತಾಡತೈತೇನಲೇ? ಅತ್ತಿ ಮ್ಯಾಲಿನ ಸಿಟ್ಟು, ಗಂಡನ ಮ್ಯಾಲಿನ ಸಿಟ್ಟು, ಎಲ್ಲಾ ಈ ಕಲ್ಲಿಗೇ ಹೇಳೇನಿ. ಇದನ್ನ ಇಲ್ಲೇ ಬಿಟ್ರ ನೀರಾಗಿನ ಮೀನಿಗೆಲ್ಲಾ ನನ್ನ ಮನಿ ಸುದ್ದಿ ಗೊತ್ತಾಕ್ಕೈತಿ!”

ಜನ ಬಿದ್ದು ಬಿದ್ದು ನಕ್ಕರು. ಅತ್ತೆಯಂತೂ ಕಣ್ಣೊರೆಸಿಕೊಂಡರು. ನನಗೆ ಆ ನಗು ಸರಿಬೀಳಲಿಲ್ಲ.

ವಾಪಸು ಬಸ್ಸಿನಲ್ಲಿ ಅದೇ ಜಗಳ.

“ಆ ಬೀಸೂಕಲ್ಲಿಂದು ಅಷ್ಟಽ ನಾಟಕ. ಉಳದದ್ದೆಲ್ಲಾ ಬರೇ ಅರ್ಜಿ,” ಅಂದರು ಅತ್ತೆ.

“ಭಾಷಣ ಬ್ಯಾಡಾಗಿತ್ತು, ಅದು ಖರೆ. ಆದ್ರ ಊರು ಮುಣುಗೂ ಹೊತ್ತಿನ್ಯಾಗ ಮಂದಿ ನಗಬಾರದು, ಅತ್ಯಾ. ಆ ನಗಿ ಒಳಗ ದುಃಖಾನಽ ಹಾರಿ ಹೋತು.”

ಬಸ್ಸು ಒಂದು ಊರು ದಾಟಿತು.

“ನಿಮ್ಮ ಮಾವನೋರು ಹೋದ ದಿನ ನಾ ನಕ್ಕಿದ್ದೆ,” ಅಂದರು ಅತ್ತೆ ಆಮೇಲೆ. “ಬಂದ ಭಟ್ಟರ ಧೋತರ ಬಾಗಲಾ ಚಿಲಕಕ್ಕ ಸಿಕ್ಕಿತು. ಅವರು ಮುಂದ, ಧೋತರ ಹಿಂದ. ಎಲ್ಲಾರೂ ಅಳ್ಳಿಕ್ಕತ್ತಿದ್ರು, ನನಗ ಫಕ್ಕನ ನಗಿ ಬಂತು. ನಕ್ಕ ಮ್ಯಾಲೇನಽ ನನಗ ಅಳು ಬಂದದ್ದು. ಅಲ್ಲೀತನಾ ಕಲ್ಲಿನಂಗ ಕೂತಿದ್ದೆ.”

ಅದುವರೆಗೂ ಅವರು ಆ ದಿನದ ಬಗ್ಗೆ ನನ್ನೆದುರು ಬಾಯಿಬಿಟ್ಟಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಹಾಗಂತ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಭಾಷಣ ನಾಟಕವನ್ನು ಕೊಂದಿದೆ, ಅಳು ಹೆಚ್ಚಾಗಿದೆ, ಬೀಸುಕಲ್ಲಿನ ಹಾಸ್ಯ ಸಲ್ಲದ ಜಾಗದಲ್ಲಿ ಬಂದು ನಾಟಕದ ಓಟ ಮುರಿದಿದೆ ಎಂದೇ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ. ‘ನನ್ನ ಜೊತೆ ನಾಟಕ ನೋಡಿದ ಹಿರಿಯರೊಬ್ಬರು ಇದನ್ನು ಒಪ್ಪುವುದಿಲ್ಲ. ಆ ದೃಶ್ಯವೇ ನಾಟಕದ ಜೀವ ಎಂಬುದು ಅವರ ಮಾತು.’

ಅಚ್ಚಾದ ಮೇಲೆ ಊರಲ್ಲಿ ಸಣ್ಣ ಗದ್ದಲವಾಯಿತು. ಪರಿಚಯದ ವಕೀಲರೊಬ್ಬರು ಕೌಂಟರಿಗೆ ಬಂದು, “ಏನ್ರಿ, ಮುಳುಗಡೆ ಮಂದೀನೂ ಬಿಡಲಿಲ್ಲಲ್ಲ ನೀವು?” ಎಂದು ಎಲ್ಲರೆದುರು ಕೇಳಿದರು. ವರದಿಗಾರರು ಎರಡು ವಾರ ಮುಖ ತೋರಿಸಲಿಲ್ಲ. ನನಗೂ ನೋವಾಯಿತು. ಆದರೆ ಅವರ ಊರು ಹೋಗಿದೆ ಎಂದು ಅವರ ನಾಟಕಕ್ಕೆ ಸುಮ್ಮನೆ ಚಪ್ಪಾಳೆ ತಟ್ಟಿದರೆ, ಅವರನ್ನು ನಾಟಕದವರೆಂದು ನಾನು ಎಣಿಸಿಯೇ ಇಲ್ಲ ಎಂದಾಗುತ್ತಿತ್ತು. ಅದು ನನ್ನಿಂದ ಆಗದು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಆ ಶಿಕ್ಷಕಿ, ಜೊತೆಗೆ ಬೀಸುಕಲ್ಲಿನ ಪಾತ್ರ ಮಾಡಿದ್ದ ಹೆಂಗಸು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡೆ. ಶಿಕ್ಷಕಿಯ ಮುಖ ಬಿಗಿದಿತ್ತು. ಆದರೆ ಅವಳು ಕೇಳಿದ್ದು ಬೇರೆ.

“ಅಕ್ಕಾರ, ಆ ಹಿರಿಯಾರು ಯಾರ್ರಿ?”

ಒಳಗಿನಿಂದ ಅತ್ತೆಯೇ ಉತ್ತರ ಕೊಟ್ಟರು. “ನಾನಽ. ಒಳಗ ಬರ್ರಿ.”

ಶಿಕ್ಷಕಿ ಒಳಗೆ ಬಂದಳು. ಆ ಹೆಂಗಸು ಹೊಸ್ತಿಲ ಆಚೆ, ಕಟ್ಟೆಯ ಮೇಲೆ ಕುಳಿತುಕೊಳ್ಳಲು ಹೋದಳು. “ನಾ ಇಲ್ಲೇ ಛಲೋ ಅದೀನ್ರಿ ಅವ್ವಾರ,” ಅಂದಳು. ನಮ್ಮಂಥ ಮನೆಗಳ ಮಡಿ ಮೈಲಿಗೆ ಅವಳಿಗೆ ಗೊತ್ತಿದ್ದದ್ದೇ. ಅತ್ತೆ ಹೊಸ್ತಿಲು ದಾಟಿ ಹೊರಗೆ ಬಂದರು.

“ಹೊರಗ ಕೂತು ನಾಟಕದ ಮಾತು ಆಡ್ಲಿಕ್ಕೆ ಆಗೂದಿಲ್ಲವಾ. ಗಾಳಿಗೆ ಅರ್ಧಾ ಹಾರಿ ಹೋಗ್ತದ. ಏಳು, ಒಳಗ ಬಾ,” ಎಂದು ಕೈ ಹಿಡಿದು ಎಬ್ಬಿಸಿ, ನಡುಮನೆಗೆ ಕರೆತಂದು ಕೂರಿಸಿದರು. ಅವಲಕ್ಕಿ ಹಚ್ಚಿ ಮುಂದಿಟ್ಟರು. ಚಹಾ ಬಂತು.

ಶಿಕ್ಷಕಿಯ ಚಿಂತೆ ಇಷ್ಟೇ. ಜನ ನಗುತ್ತಾರೆಂದು ಅವಳಿಗೂ ಆ ದೃಶ್ಯ ತೆಗೆಯಬೇಕೆಂಬ ಮನಸ್ಸಿತ್ತಂತೆ. ಆ ಹೆಂಗಸು ಒಪ್ಪಿರಲಿಲ್ಲ. ಈಗ ಪತ್ರಿಕೆಯಲ್ಲೂ ಹಾಗೇ ಬಂದಿದೆ. ತೆಗೆಯೋಣವೋ ಬೇಡವೋ?

“ಅದನ್ನ ಯಾರೂ ಬರದು ಕೊಟ್ಟಿಲ್ರಿ,” ಅಂದಳು ಆ ಹೆಂಗಸು. “ನಾ ಖರೇನ ಅವತ್ತು ಜಗಳಾಡಿದ್ದೆ. ಕಲ್ಲು ತಂದೇನಿ. ಮನಿಯಾಗ ಐತಿ.”

“ತೆಗೀಬ್ಯಾಡ್ರಿ,” ಅಂದರು ಅತ್ತೆ.

“ಖರೇ ನಡದದ್ದು ಅಂದ ಮ್ಯಾಲೆ ಅದು ಇರ್ಲಿ, ಆದ್ರ ಭಾಷಣ ತೆಗೀರಿ,” ಅಂದೆ ನಾನು.

ಶಿಕ್ಷಕಿ ಚಹಾದ ಬಟ್ಟಲು ಕೆಳಗಿಟ್ಟಳು. “ಆ ಭಾಷಣ ನಾ ಬರದದ್ದರಿ,” ಅಂದಳು ಮೆಲ್ಲಗೆ. ಆಮೇಲೆ ಅವಳೇ ತಲೆಯೆತ್ತಿ ನನ್ನನ್ನು ಕೇಳಿದಳು. “ಭಾಷಣ ತೆಗದ್ರ ನಾಟಕ ಎಲ್ಲಿ ಮುಗಸೂದು?”

ವಿಮರ್ಶೆ ಬರೆಯುವವರಿಗೆ ತಪ್ಪಿದ್ದೆಲ್ಲಿ ಎಂದು ಹೇಳಲು ಬರುತ್ತದೆ. ಮುಂದೇನು ಮಾಡಬೇಕು ಎಂದು ಹೇಳುವುದು ಬೇರೆ ಕಸುಬು. ಮಾತಾಡುತ್ತ ಮಾತಾಡುತ್ತ ದಾರಿ ಮೂಡಿತು. ಕಲ್ಲನ್ನು ಹೊಸ ಊರಿಗೆ ತಂದು ಇಳಿಸಿದಾಗ ಏನು ಮಾಡಿದಿರಿ ಎಂದು ನಾನು ಆ ಹೆಂಗಸನ್ನು ಕೇಳಿದೆ. ಹೊಸ ಮನೆಯಲ್ಲಿ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೂಲೆ ಮೂಲೆಗೂ ಉರುಳಿಸಿದೆ ಅಂದಳು. ಹಳೆಯ ಮನೆಯಲ್ಲಿ ಬೀಸಲು ಕುಳಿತರೆ ಬಾಗಿಲಿನಿಂದ ಹೊಳೆ ಕಾಣುತ್ತಿತ್ತಂತೆ. ಇಲ್ಲಿ ಎತ್ತ ಮುಖ ಮಾಡಿ ಕೂರಬೇಕೆಂದೇ ತಿಳಿಯಲಿಲ್ಲವಂತೆ. ಆಮೇಲೆ ಬೀದಿಯ ಕಡೆ ಮುಖ ಮಾಡಿ ಕುಳಿತಳಂತೆ. “ಹೋಗೋ ಬರೋ ಮಂದಿ ಮಾರೀನರ ಕಾಣಲಿ ಅಂತ.”

“ಇಲ್ಲೇ ಮುಗಸೂಣು,” ಎಂದು ನಾನೂ ಶಿಕ್ಷಕಿಯೂ ಒಟ್ಟಿಗೇ ಅಂದೆವು.

ಅಲ್ಲಿಂದ ಮುಂದಿನ ಭಾನುವಾರಗಳು ಅತ್ತೆಗೆ ಹೊಸ ಊರಿನಲ್ಲೇ ಕಳೆದವು. ನಾನು ಕೆಲವು ಸಲ ಹೋದೆ, ಕೆಲವು ಸಲ ಅವರೊಬ್ಬರೇ ಹೋದರು. ತಾಲೀಮಿನಲ್ಲಿ ಅತ್ತೆಗೆ ಇದ್ದದ್ದು ಒಂದೇ ಕೆಲಸ, ಎದುರಿಗೆ ಕುಳಿತು ನೋಡುವುದು. ಬೇಸರ ಬಂದಲ್ಲಿ ಚೀಲದಿಂದ ಸುಪಾರಿಯ ಡಬ್ಬಿ ತೆಗೆಯುತ್ತಿದ್ದರು. ಡಬ್ಬಿಯ ಮುಚ್ಚಳದ ಸದ್ದು ಕೇಳಿದ ಕೂಡಲೇ ಶಿಕ್ಷಕಿ, “ನಿಲ್ಲಸ್ರಿ, ಅವ್ವಾರು ಸುಪಾರಿ ತೆಗದ್ರು,” ಎಂದು ಕೂಗುತ್ತಿದ್ದಳು. ಅಷ್ಟು ಭಾಗಕ್ಕೆ ಕತ್ತರಿ. ಒಂದು ಸಲ ಅತ್ತೆಗೆ ನಿಜವಾಗಿಯೂ ಸುಪಾರಿ ತಿನ್ನುವ ಮನಸ್ಸಾಗಿ ಡಬ್ಬಿ ತೆಗೆದು, ಒಂದು ಒಳ್ಳೆಯ ದೃಶ್ಯವೇ ಹೋಗುವುದರಲ್ಲಿತ್ತು. ಊರಿನ ಗಂಡಸರು ಮೊದಲು ದೂರ ನಿಂತು ನೋಡುತ್ತಿದ್ದರು. ಆಮೇಲೆ ಅವರೇ ಕಂಬಳಿ ತಂದು ಹಾಸತೊಡಗಿದರು.

ಎರಡನೆಯ ಪ್ರದರ್ಶನ ಜಮಖಂಡಿಯಲ್ಲಿ, ಸಾಲೆಯ ಸಭಾಗೃಹದಲ್ಲಿ, ಒಂದು ಮಧ್ಯಾಹ್ನ. ಅತ್ತೆ ನನ್ನ ಪಕ್ಕದಲ್ಲಿ ಕೂರಲಿಲ್ಲ. ಪರದೆಯ ಹಿಂದೆ ಹೆಂಗಸರ ಸೆರಗು ಸರಿಮಾಡುತ್ತ ನಿಂತಿದ್ದರು. ನನ್ನ ಪಕ್ಕದಲ್ಲಿ ಬಂದು ಕುಳಿತವರು ನನ್ನ ಗಂಡ. “ಅವ್ವ ಅಂಥಾದ್ದೇನು ಮಾಡ್ಲಿಕ್ಕತ್ತಾಳ ನೋಡೂಣು,” ಅಂದರು. ಬೀಸುಕಲ್ಲಿನ ಜಗಳಕ್ಕೆ ಸಭಾಗೃಹ ನಕ್ಕಿತು, ಇವರೂ ತೊಡೆ ತಟ್ಟಿಕೊಂಡು ನಕ್ಕರು. ಕೊನೆಯಲ್ಲಿ ಆ ಹೆಂಗಸು ಖಾಲಿ ವೇದಿಕೆಯ ಮೇಲೆ ಕಲ್ಲನ್ನು ಅತ್ತ ಉರುಳಿಸಿ, ಇತ್ತ ಉರುಳಿಸಿ, ಕೊನೆಗೆ ನಮ್ಮ ಕಡೆ ಮುಖ ಮಾಡಿ ಕುಳಿತು ಜೋಳ ಬೀಸತೊಡಗಿದಳು. ಮಾತಿಲ್ಲ. ಕಲ್ಲಿನ ಗುರುಗುರು ಸದ್ದು ಮಾತ್ರ. ನಾನು ನನ್ನ ಗಂಡನ ಕಡೆ ನೋಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದು ಮಾತ್ರ ಗೊತ್ತಾಯಿತು.

ಆ ಪ್ರದರ್ಶನದ ಬಗ್ಗೆ ನಾನು ಬರೆಯಲಿಲ್ಲ. ಮನೆಯವರೇ ಪರದೆಯ ಹಿಂದೆ ಇದ್ದಾಗ ಬರೆಯುವುದು ಸರಿಯಲ್ಲ ಎನಿಸಿತು. ಬರೆದವರು ಆ ವರದಿಗಾರರೇ. ಅವರು ಪೂರ್ತಿ ನಾಟಕ ಎಚ್ಚರವಾಗಿಯೇ ನೋಡಿದರು ಎಂಬುದಕ್ಕೆ ಅವರ ಬರಹದಲ್ಲಿದ್ದ ವಿವರಗಳೇ ಸಾಕ್ಷಿ.

ಮುಂದೆ ಆ ತಂಡವನ್ನು ಮುಧೋಳದವರು ಕರೆದರು, ಬನಹಟ್ಟಿಯ ನೇಕಾರ ಹೆಂಗಸರು ಕರೆದರು. ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಂದಲೂ ಕರೆ ಬಂತು. ಕೆಲವು ವರ್ಷಗಳ ಮೇಲೆ ಹೊಸ ಊರಿನವರು ಸಾಲೆಯ ಪಕ್ಕದಲ್ಲಿ ತಾವೇ ಕಲ್ಲು ಹೊತ್ತು ಒಂದು ರಂಗಕಟ್ಟೆ ಕಟ್ಟಿಕೊಂಡರು. ಕಟ್ಟೆಯ ಪೂಜೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ಬೇವಿನ ಗಿಡಗಳು ಅಷ್ಟೊತ್ತಿಗೆ ನೆರಳು ಕೊಡುವಷ್ಟು ಬೆಳೆದಿದ್ದವು. ಶಿಕ್ಷಕಿ ಹೊಸ ನಾಟಕ ಬರೆದಿದ್ದಳು. ಈ ಸಲ ಮುಳುಗಡೆಯಲ್ಲ, ಮದುವೆಯ ಗದ್ದಲದ ಕತೆ. ನೆರಳಲ್ಲಿ ಕುಳಿತು ಅವಳು ಓದತೊಡಗಿದಳು. ಬೀಗಿತ್ತಿಯ ಪಾತ್ರ ತನಗೇ ಬೇಕೆಂದು ಇಬ್ಬರು ಹೆಂಗಸರು ಆಗಲೇ ಕಿತ್ತಾಡುತ್ತಿದ್ದರು.

“ಕಿತ್ತಾಡಬ್ಯಾಡ್ರಿ,” ಅಂದರು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. “ಬೀಗಿತ್ತಿ ಅಂದ್ರ ಹೆಂಗ ನಡೀಬೇಕು ಅಂತ ಮೊದಲ ತೋರಸ್ತೀನಿ, ನೋಡ್ರಿ.”

ಹೊಸ ಕಟ್ಟೆಯ ಮೆಟ್ಟಿಲು ಸ್ವಲ್ಪ ಎತ್ತರವಾಗಿತ್ತು. ನಾನು ಎದ್ದುಹೋಗಿ ಕೈ ಕೊಟ್ಟೆ. ಅವರು ಮೇಲೆ ಹತ್ತಿದರು.